ನೆಲದ ಪಂಗ್ತಿ

ಎರಡನೇ ಗೇಟಿನ ಹತ್ರ ನನ್ನ ಖಾನಾವಳಿ.
ಆರು ಟೇಬಲ್ಲು, ಒಂದರ ಕಾಲು ಮೋಟು,
ಅದರ ಬುಡಕ ಮಡಚಿಟ್ಟ ಸಿಗರೇಟ ಪಾಕೀಟು.
ಗೋಡಿಗೆ ಬೆನ್ನು, ಬಾಗಿಲಕ್ಕ ಮುಖ,
ಆ ಕುರ್ಚಿ ಭರಮಣ್ಣಂದು.
ಹಂಗಂತ ಎಲ್ಲೂ ಬರದಿಲ್ಲ.
ಬ್ಯಾರೆದವರು ಕುಂತ್ರ ನಾ ಅಂತೀನಿ,
"ಅಲ್ಲಿ ಗಾಳಿ ಬರೂದಿಲ್ರಿ, ಈ ಕಡೆ ಬರ್ರಿ."
ಫ್ಯಾನು ಇರೂದು ಅದರ ನೆತ್ತಿ ಮ್ಯಾಲನ.

ಹದಿನೇಳ ವರ್ಷ ದಂಡಿನ್ಯಾಗಿದ್ದಾಂವ.
ಈಗ ಎಟಿಎಮ್ಮಿನ ಮುಂದ ರಾತ್ರಿ ಪಾಳಿ,
ನೀಲಿ ಅಂಗಿ, ಕೈಯಾಗ ಬರೇ ಒಂದು ಬಡಗಿ.
"ನಿದ್ದಿ ಬರದಾಂವಗ ಇದು ಚಲೋ ನೌಕರಿ, ಅಕ್ಕಾ"
ಅಂತ ಒಮ್ಮೆ ಅಂದಿದ್ದ. ಒಮ್ಮೆ ಅಷ್ಟ.

ನಾ ಏನೂ ಕೇಳಿಲ್ಲ.
ಕೇಳೂ ಮಂದಿ ಬಾಳ ಅದಾರ:
ಎಷ್ಟ ಮಂದೀನ ಹೊಡದಿ? ಹಿಮದಾಗ ಏನ ತಿಂತಿದ್ರಿ?
ಪಿಂಚಣಿ ಎಷ್ಟ ಬರ್ತದ?
ಜನವರಿ ಇಪ್ಪತ್ತಾರಕ್ಕ ಶಾಲು ಹೊಚ್ಚಿದವರ
ಇಪ್ಪತ್ತೇಳಕ್ಕ ಬಾಡಿಗಿ ಮನಿ ಇಲ್ಲ ಅಂದ್ರು,
"ಕುಡಿತಾನಂತ, ರಾತ್ರಿ ಒದರತಾನಂತ."
ಹೆಂಡತಿ ಗೋಕಾಕದಾಗ, ತವರಮನ್ಯಾಗ.
ಆಕೀದೂ ತಪ್ಪಲ್ಲ. ಆಕಿನೂ ಆರು ವರ್ಷ ನಿದ್ದಿಗೆಟ್ಟಾಕಿ.

ನಾ ಅವನ್ನ ಕಲ್ತದ್ದು ಅಡಗಿ ಕಲ್ತಂಗ,
ಸುಟಗೊಂಡು ಸುಟಗೊಂಡು.
ರೈಲು ಬಂದ್ರ ಏನೂ ಆಗೂದಿಲ್ಲ ಅವಗ,
ಗೋಡಿ ಅಲುಗಿದ್ರೂ ತುತ್ತು ತಪ್ಪೂದಿಲ್ಲ.
ಕುಕ್ಕರು ಸೀಟಿ ಹೊಡದ್ರ ಮಾತ್ರ
ಕೈಯಾಗಿನ ರೊಟ್ಟಿ ಪುಡಿಪುಡಿ.
ಅದಕ್ಕ ಎಂಟರಿಂದ ಒಂಬತ್ತರ ತನಕ
ನಮ್ಮಲ್ಲಿ ಬ್ಯಾಳಿ ಬಾಯಿ ತೆರದ ಬೋಗಾಣ್ಯಾಗ ಕುದೀತದ.
ಗ್ಯಾಸು ಹೆಚ್ಚಿಗಿ ಹೋಗ್ತದ. ಹೋಗ್ಲಿ.
ಗಣಪತಿ ಕಳಸೂ ದಿನ, ಪಟಾಕ್ಷಿ ಶುರು ಆಗೂಕಿಂತ ಮೊದ್ಲ
ಡಬ್ಬಿ ಕಟ್ಟಿ ಕಿತ್ತೂರ ಬಸ್ಸಿಗೆ ಹತ್ತಸ್ತೀನಿ.

ಹ್ವಾದ ಗುರುವಾರ, ಗಿರಾಕಿ ತುಂಬಿದ ಹೊತ್ತಿನ್ಯಾಗ,
ನಮ್ಮ ಕಸ್ತೂರಿ ಕೈಜಾರಿ
ಇಪ್ಪತ್ತು ಸ್ಟೀಲಿನ ತಾಟು ಒಮ್ಮಿಗೇ ಫರಶಿ ಮ್ಯಾಲ.
ತಾಟು ತಿರುಗಿ ತಿರುಗಿ ಸುಮ್ನಾಗೂದ್ರಾಗ
ಕುರ್ಚಿ ಖಾಲಿ.
ಭರಮಣ್ಣ ಟೇಬಲ್ಲಿನ ಕೆಳಗ,
ಎರಡೂ ಕೈ ತಲಿ ಮ್ಯಾಲ,
ಯಾರನ್ನೋ ಕರೀತಿದ್ದ, ಸಣ್ಣ ದನೀಲೆ,
"ಸಾವಂತಾ, ತಲಿ ತಗ್ಗಸು. ಸಾವಂತಾ, ತಲಿ."

ಯಾರೋ ನಕ್ಕರು. ಯಾರೋ ಮೊಬಾಯಿಲು ತಗದರು.
ನಾ ಹಿಟ್ಟಿನ ಕೈಲೇ ಹೋಗಿ
ಅವನ ಬಾಜೂಕ, ಮುಟ್ಟದಂಗ, ನೆಲಕ್ಕ ಕುಂತೆ.
"ಏಳು" ಅನ್ನಲಿಲ್ಲ.
"ಏನೂ ಆಗಿಲ್ಲ" ಅಂತೂ ಅನ್ನಲಿಲ್ಲ,
ಆಗಿತ್ತಲ್ಲ.
"ತಾಟು ಬಿದ್ದಾವು, ಭರಮಣ್ಣ. ಇದು ಬೆಳಗಾವಿ.
ನಾ ರೊಟ್ಟಿ ಅಕ್ಕ."
ಅಷ್ಟ ಹೇಳಿ ಸುಮ್ನ ಕುಂತೆ.
ಫರಶಿ ತಣ್ಣಗಿತ್ತು.
ಕೆಳಗಿಂದ ನೋಡಿದ್ರ ನನ್ನ ಖಾನಾವಳಿ ಬ್ಯಾರೆನ ಕಾಣ್ತದ:
ಬರೇ ಕಾಲು, ಚಪ್ಪಲಿ,
ಟೇಬಲ್ಲಿನ ತಳಕ್ಕ ಯಾರೋ ಒರಸಿದ ಸುಣ್ಣ.
ಹತ್ತು ವರ್ಷ ನಡಸೀನಿ, ಇದನ್ನ ನೋಡೇ ಇರಲಿಲ್ಲ.

ಆಮ್ಯಾಲ ಕೂಗಿದೆ,
"ಕಸ್ತೂರಿ, ಇಬ್ಬರ ಊಟ ಇಲ್ಲೇ ಕೆಳಗ ತಾ.
ಇವತ್ತ ನೆಲದ ಪಂಗ್ತಿ."

ರಾಯಬಾಗದ ಹುಡುಗ ಒಬ್ಬಾಂವ, ಡಿಪ್ಲೊಮಾ ಓದಾಂವ,
ನನ್ನ ನೋಡಿದ, ತನ್ನ ತಾಟು ನೋಡಿದ,
ಎತಗೊಂಡು ಬಂದು ಚಕ್ಕಳಮಕ್ಕಳ ಹಾಕಿದ.
"ಅಕ್ಕಾ, ಶೇಂಗಾ ಚಟ್ನಿ" ಅಂದ, ದಿನಾ ಅನ್ನೂವಂಗ.
ಲೈಟ್ ಮೀಟರ್ ಓದೂ ಪಿಂಟೋ ಸಾಹೇಬರು
ಮಣಕಾಲು ಹಿಡಕೊಂಡು, ನಳ್ಳಕೋತ, ಕುಂತರು.
ಎಲ್ಲಾರೂ ಕುಂತ್ರು ಅಂತ ಹೇಳಾಕ ಬರೂದಿಲ್ಲ.
ಇಬ್ಬರು ರೊಕ್ಕಾ ಇಟ್ಟು ಎದ್ದು ಹೋದರು.
ಮೊಬಾಯಿಲಿನಾಂವ ಅದನ್ನ ಕಿಸೇಕ ಇಟಗೊಂಡು ನಿಂತ ಉಂಡ.

ತಲಿ ಮ್ಯಾಲಿನ ಕೈ ಇಳಸಾಕ ಭರಮಣ್ಣಗ
ಒಂದು ಗೂಡ್ಸ ಗಾಡಿ ಪೂರ್ತಿ ದಾಟೂವಷ್ಟು ಹೊತ್ತು ಬೇಕಾತು.
ಆಮ್ಯಾಲ ರೊಟ್ಟಿ ಮುರದ.
ಅರ್ಧ ತನ್ನ ತಾಟಿನ್ಯಾಗ, ಅರ್ಧ
ಬಾಜೂಕ, ಯಾರೂ ಇಲ್ಲದ ಜಾಗಾದಾಗ.
ನಾ ಅದರ ಮ್ಯಾಲ ಒಂದು ಚಮಚ ಎಣಗಾಯಿ ಹಾಕಿದೆ.
ಸಾವಂತಗ ಖಾರ ನಡೀತದೋ ಇಲ್ಲೋ
ಕೇಳಬೇಕಿತ್ತು.
"ನಡೀತದ" ಅಂದ ಭರಮಣ್ಣ,
ನಾ ಬಾಯಿ ತಗಿಯೂಕಿಂತ ಮೊದ್ಲ.