ಸವಕಳಿ

ಫ್ಯಾನ್ ಬಂದ್ ಮಾಡಪ್ಪಾ, ಅಂತಾಳ ಪ್ರಣತಿ.
ಗದಗಿನ ಸರಾಫ ಬಜಾರದಾಗ
ಒಂದೊಂದ ಶೆಟರ್ ಈಗ ಏಳಾಕ ಹತ್ಯಾವ.
ಬಂಗಾರದ ತಕ್ಕಡಿ ಮ್ಯಾಲೆ ಸ್ಟೀಲಿನ ಡಬರಿ,
ಡಬರ್ಯಾಗ ಅರಿವಿ,
ಅರಿವ್ಯಾಗ ಗುಂಜಿ.

ಹೆಸರ ಇಟ್ಟಾಕಿ ಆಕೀನ.
ಕೆಂಪ ಮೈ, ನೆತ್ತಿ ಮ್ಯಾಲೆ ಕರೀ ಬೊಟ್ಟು,
ನಮ್ಮಜ್ಜ ಬಂಗಾರ ತೂಗತಿದ್ದ ಗುಲಗಂಜಿ ಕಾಳಿನ್ಹಂಗ.
ಗಿನಿಪಿಗ್ ಅಂದ್ರ ಓಣ್ಯಾಗ ಯಾರ ಕೇಳತಾರ?
"ಪತ್ತಾರ ಮೌನೇಶಪ್ಪ ಹಂದಿ ಸಾಕ್ಯಾನ."

ಹೋದ ಸೋಮವಾರ ಏಳನೂರಾ ಎಂಬತ್ತಾರು ಗ್ರಾಂ.
ಗುರುವಾರ ಏಳನೂರಾ ಅರವತ್ತು.
ಇವತ್ತ ಏಳನೂರಾ ನಲವತ್ತೊಂದು.
ಉದ್ರಿ ಪುಸ್ತಕದ ಹಿಂದಿನ ಹಾಳಿಗೆ
ಆಕಿ ಬರೀತಾಳ, ದುಂಡ ಅಕ್ಷರದಾಗ.

ಬ್ಯಾನಿ ಏನಂತ ಹೇಳಲಿ?
ಕೊತಂಬ್ರಿ ಚೀಲ ಸಪ್ಪಳಾದ್ರ ಸಾಕು
ಸೀಟಿ ಹೊಡೀತಿತ್ತು, ಕುಕ್ಕರ್ ನಾಚೂವಂಗ.
ಈಗ ಬರೇ ಕಿವಿ ಅಲ್ಲಾಡತಾವ.
ಮೂಲ್ಯಾಗ ಮೈ ಗಿಡ್ಡ ಮಾಡಿ ಕುಂತು
ಹಲ್ಲ ಕಡೀತೈತಿ ಒಂದ ಸಮ,
ಸಣ್ಣ ಅರ ಹಿಡದು ಯಾರೋ ಒಳಗ ತಿಕ್ಕಿದಂಗ.
ಕರಕಿ ತಂದ್ರ ಮೂಸತೈತಿ,
ಮೂಸಿ, ನನ್ನ ಮುಖಾ ನೋಡತೈತಿ.
ಹಸದೈತಿ. ತಿನ್ನಾಕ ಒಲ್ಲದು. ಎರಡೂ ಖರೆ.

ದನದ ದವಾಖಾನ್ಯಾಗ ಒಂದ ಎಮ್ಮಿ, ಮೂರ ಆಡು,
ನಡುವ ಬೂಟಿನ ಡಬ್ಬಿ ತೊಡಿ ಮ್ಯಾಲಿಟಗೊಂಡ ನಾವಿಬ್ರು.
"ಇಲಿ ಐತೇನ್ರೀ ಅದರಾಗ?" ಅಂದ ಎಮ್ಮಿ ತಂದಾಂವ.
ಡಾಕ್ಟರ್ ಅಕ್ಕೋರು ಹೊಸಬರು, ಹಲಗೇರಿ ಅಂತ.
ಎದಿಗೆ ನಳಗಿ ಇಟ್ರ ಅರ್ಧ ಗುಂಜಿ ಮುಚ್ಚಿಹೋತು.
ಹಲ್ಲ ನೋಡಿದ್ರು, ಹೊಟ್ಟಿ ಒತ್ತಿದ್ರು,
ಹುಬ್ಬಳ್ಳಿಗೆ ಕಳಿಸಿ ಎಕ್ಸರೇ ತಗಸಿದ್ರು.
ಕರೀ ಹಾಳ್ಯಾಗ ಬೆಳ್ಳಿ ಎಳಿ ಎಳಿ ಎಲಬು,
ನಾನೂ ಅಷ್ಟ ಸಣ್ಣ ತಂತಿ ಎಳದಿಲ್ಲ.
"ಏನೂ ಕಾಣವಲ್ದು. ನನಗ ತಿಳೀವಲ್ದುರಿ," ಅಂದ್ರು.
ಇಪ್ಪತ್ತೆಂಟ ವರ್ಷ ವ್ಯಾಪಾರ ಮಾಡೀನಿ,
ತಿಳೀವಲ್ದು ಅನ್ನೂ ಮಾತಿಗೆ ಫೀ ಕೊಡೂವಾಗ
ಯಾಕೋ ಕೈ ಹಿಂಜರೀಲಿಲ್ಲ.

ನಮ್ಮ ಕಸಬಿನ್ಯಾಗ ಕಳದದ್ದು ಎಲ್ಲಿಗೂ ಹೋಗೂದಿಲ್ಲ.
ಅರದ ಪುಡಿ ಚಾಪಿ ಮ್ಯಾಲೆ, ಇಲ್ಲಾ ಉಗುರಿನ ಸಂದ್ಯಾಗ,
ತಲಿಗೂದಲದಾಗ, ಕುಲುಮಿ ಬೂದ್ಯಾಗ.
ಅಂಗಡಿ ಕಸಾನೂ ಮಾರತೀವಿ,
ಗಟಾರದ ರೊಜ್ಜ ತೊಳದು ಬಂಗಾರ ಆರಸೋರದಾರ.
ಗಿರಾಕಿಗೆ ಸವಕಳಿ ಲೆಕ್ಕ ಬಾಯಿಪಾಠ ಹೇಳತೀನಿ.
ಆದ್ರ ಈ ನಲವತ್ತೈದು ಗ್ರಾಂ?
ಪಂಜರದ ಹುಲ್ಲ ಕೊಡವಿ ನೋಡೀನಿ, ಹುಚ್ಚನಂಗ.

ನಿನ್ನೆ ತಾಳಿ ಮಾಡಸಾಕ ಬಂದಾವ್ರು, ಲಕ್ಕುಂಡಿಯವರು,
ತಕ್ಕಡ್ಯಾಗ ಇದನ್ನ ಕಂಡು ನಕ್ಕರು:
"ಎಷ್ಟ ಕ್ಯಾರೆಟ್ರೀ ಇದು?"
ಪ್ರಣತಿ ತಲಿ ಎತ್ತಲಿಲ್ಲ.
"ಒಂದೂ ತಿನ್ನವಲ್ದುರಿ."

ರಾತ್ರಿ ಎರಡ ತಾಸಿಗೊಮ್ಮೆ ಪಾಳಿ ಮ್ಯಾಲೆ ಏಳತೀವಿ.
ಒಣಾ ಹುಲ್ಲಿನ ಪುಡಿಗೆ ನೆಲ್ಲಿಕಾಯಿ ರಸಾ ಕಲಸಿ
ಸೂಜಿ ಇಲ್ಲದ ಸಿರಿಂಜಿನಾಗ, ತುಟಿ ಬಾಜೂಕ, ಹನಿ ಹನಿ.
ಈ ಪ್ರಾಣಿ ಮನೀಗೆ ಬ್ಯಾಡ ಅಂದ ನನ್ನ ಹೆಂಡತಿ
ನಸಿಕಿನ್ಯಾಗ ಅಡಗಿಮನಿ ನೆಲದ ಮ್ಯಾಲೆ ಕುಂತು
"ನುಂಗವ್ವಾ, ಇದೊಂದ ನುಂಗು," ಅಂತಿದ್ಲು.
ಗುಂಜಿ ಗಂಡು.
ಯಾರೂ ತಿದ್ದಲಿಲ್ಲ.

ಫ್ಯಾನ್ ನಿಂತೈತಿ. ನಾವಿಬ್ರು ಉಸರ ಹಿಡದೀವಿ.
ಬಂಗಾರಾದ್ರ ಇಟ್ಟ ಕೂಡ್ಲೆ ಅಂಕಿ ನಿಲ್ಲತೈತಿ.
ಇದು ನಿಲ್ಲಂಗಿಲ್ಲ:
ನಲವತ್ತೊಂದು ಬಿಂದು ಒಂದು, ಬಿಂದು ನಾಕು,
ಮತ್ತ ಒಂದು, ಮತ್ತ ಮೂರು,
ಸಣ್ಣ ಹೊಟ್ಟಿ ಏರಿದಂಗ, ಇಳದಂಗ.
"ಅಪ್ಪಾ, ಕೊನೀ ಅಂಕಿ ಯಾವದು ಬರೀಲಿ?"
ಬರೀಬ್ಯಾಡ, ಅಂದೆ. ಅದನ್ನ ಹಂಗ ಬಿಡು.

ಶೆಖಿ ಆಗಾಕ ಹತ್ತಿತ್ತು.
ಇಬ್ಬರೂ ಫ್ಯಾನ್ ಹಾಕಲಿಲ್ಲ.