ಬದಲಿ

ಚೌಕಿಪೇಟೆಯ ನನ್ನ ಪ್ರೆಸ್ಸಿಗೆ ಅವನು ಬಂದದ್ದು
ವೈಶಾಖದ ಲಗ್ನಪತ್ರಿಕೆಗಳ ನೂಕುನುಗ್ಗಲಲ್ಲಿ.
"ಐವತ್ನಾಲ್ಕು ಎಲಿ. ಮುನ್ನೂರು ಕಟ್ಟು.
ಮೂಲಿ ಉರುಟಾಗಬೇಕು."
ಕೈದಾಳೆ ಕೊಟ್ರೇಶಿ. ಹೆಸರು ಕೇಳಿದ್ದೆ.
ರಾಣೆಬೆನ್ನೂರಿನ ಕ್ಲಬ್ಬಿನಿಂದ ಗೋವಾದ ಹಡಗಿನವರೆಗೆ
ಹದಿಮೂರೆಲೆಯಲ್ಲಿ ಹತ್ತೊಂಬತ್ತು ವರ್ಷ ಅನ್ನ ತಿಂದವನು;
ಟೂರ್ನಿಯಲ್ಲಿ ಗೆದ್ದ ಎರಡು ಫ್ರಿಜ್ಜಿನಲ್ಲಿ
ಒಂದನ್ನು ತಂಗಿಗೆ ಕೊಟ್ಟು
ಇನ್ನೊಂದರಲ್ಲಿ ಬರೀ ನೀರಿಟ್ಟವನು.

ಯಾಕೆ ಬಿಟ್ಟೆ ಅಂತ ಎಲ್ಲರೂ ಕೇಳುತ್ತಾರೆ, ನಾನೂ ಕೇಳಿದೆ.
ಪೊಲೀಸು, ಸಾಲ, ಹೆಂಡತಿಯ ಆಣೆ, ಯಾವುದೂ ಅಲ್ಲವಂತೆ.
ಒಂದು ರಾತ್ರಿ, ಎದುರಿನವನು ಬಿಟ್ಟ ಎಲೆಗಳಿಂದಲೇ
ಅವನ ಕೈಯೊಳಗಿನ ಹದಿಮೂರೂ ಕಂಡುಬಿಟ್ಟವು.
ಕಳಾವರ್ ಏಳಕ್ಕೆ ಕಾಯುತ್ತಿದ್ದ. ಏಳು ಇವನ ಹತ್ತಿರ.
ಬೆಳಗಿನವರೆಗೂ ಹಿಡಿದು ಕೂತ.
"ನಿನ್ನಿ ಪೇಪರು ಇವತ್ತು ಓದಿದಂಗಾತ್ರಿ"
ಅಂದು ಖಾಲಿ ಚಹಾದ ಲೋಟ ಬೋರಲು ಹಾಕಿದ.

ಮೊದಲ ಕರಡಿನಲ್ಲಿ ನಾಲ್ಕು ರಂಗು:
ಬೆಣ್ಣೆ, ಮಂಡಕ್ಕಿ, ಮೆಣಸಿನಕಾಯಿ, ಹತ್ತಿ.
ಲಕೋಟೆ ಅಂಟಿಸುವ ಜೈನಾಬಿಯ ಮಗಳು ಮುಬೀನಾ,
ಆರನೇ ಕ್ಲಾಸು, ತಿರುವಿ ನೋಡಿ ಕೇಳಿದಳು:
"ಅಂಕಲ್, ಇದು ಹೋಟ್ಲು ಮೆನುನಾ?"
ಅವನು ನಗಲಿಲ್ಲ. ಎಲ್ಲ ಬಾಚಿಕೊಂಡು ಹೋದ.

ಇಪ್ಪತ್ತು ದಿನ ಬಿಟ್ಟು ಬಂದಾಗ
ರಾಜನಿಲ್ಲ, ರಾಣಿಯಿಲ್ಲ. ಮಿಲ್ಲಿನ ಪಾಳಿಗಳು:
ಬೆಳಗಿನದು, ನಡುವಿನದು, ರಾತ್ರಿಯದು, ಮತ್ತೆ ರಜೆ.
ಸೈರನ್ ಎಲೆ ಬಿದ್ದರೆ ಎಲ್ಲರ ಕೈ ಅದಲುಬದಲು,
ನೀನು ಕೂಡಿಸಿಟ್ಟದ್ದು ಪಕ್ಕದವನಿಗೆ.
ಜೋಕರಿನ ಜಾಗದಲ್ಲಿ ಒಬ್ಬ ಗೇಟಿನ ಹೊರಗೆ ನಿಂತಿದ್ದ,
ಬುತ್ತಿ ಕಂಕುಳಲ್ಲಿ, ಮುಖ ಬರೆದಿಲ್ಲ.
ಹೆಸರು: ಬದಲಿ.
ಯಾರ ಜಾಗಕ್ಕಾದರೂ ನಿಲ್ಲುತ್ತಾನೆ.
ಆ ಯಾರೋ ಬಂದೊಡನೆ ಎದ್ದು ಹೋಗಬೇಕು.

ಅಚ್ಚು ಹಾಕಿದೆ. ಒಣಗಿಸಿದೆ. ಕತ್ತರಿಸಿದೆ.
ಒಂದು ಕಟ್ಟು ಕಲಸಿ, ಮೇಜಿನ ಮೇಲೆ ಬೋರಲು ಹರವಿ
ಬೆನ್ನಷ್ಟೇ ನೋಡುತ್ತ ಬೆರಳಿಟ್ಟ:
"ರಜಾ ನಾಲ್ಕು. ನಡುಪಾಳಿ ಒಂಬತ್ತು. ಇದು ಸೈರನ್."
ತಿರುಗಿಸಿದೆ. ಹೌದು. ಹೌದು. ಹೌದು.
ಹಿಂಬದಿಯ ನೀಲಿ ಗೆರೆ ಕೂದಲೆಳೆಯಷ್ಟು ಜರುಗಿತ್ತಂತೆ,
ಒಂದೊಂದು ಎಲೆಯಲ್ಲಿ ಒಂದೊಂದು ಕಡೆಗೆ;
ಮೂವತ್ತು ವರ್ಷ ಅಚ್ಚು ನೋಡಿದ ನನ್ನ ಕಣ್ಣಿಗೆ ಕಾಣದ್ದು.
"ಇದರಾಗ ನಾನೊಬ್ಬನೇ ಗೆಲ್ತೀನಿ,"
ಯಾರದೋ ಸಾವಿನ ಸುದ್ದಿ ಹೇಳುವವನ ಹಾಗೆ ಹೇಳಿದ.
ಮುನ್ನೂರೂ ರದ್ದಿಗೆ ಹೋದವು.
ಕಾಗದದ ದುಡ್ಡು ಅವನೇ ಕೊಟ್ಟ, ಚೌಕಾಶಿಯಿಲ್ಲದೆ.
ಎರಡನೆಯ ಸಲ ಬೆನ್ನಿಗೆ ಗೆರೆಯೇ ಇಲ್ಲ,
ಅಂಚಿನಿಂದ ಅಂಚಿಗೆ ಒಂದೇ ಬೂದಿ.

ಮಾರಿದ್ದು ಎಪ್ಪತ್ತೊಂದು.
ಅದರಲ್ಲೊಂದು ವಾಪಸು ತಂದರು ನಿಟುವಳ್ಳಿಯ ಸಿದ್ರಾಮಪ್ಪ,
ಆಟ ತಲೆಗೆ ಹತ್ತಲಿಲ್ಲವೆಂದು.
ಎಣಿಸಿದರೆ ಐವತ್ತಮೂರು.
"ಬದಲಿ ಎಲ್ಲಿ ಯಜಮಾನ್ರೆ?"
ಅಂಗಿಯ ಜೇಬು ಮುಟ್ಟಿಕೊಂಡರು.
"ಹನ್ನೊಂದು ವರ್ಷ ಗೇಟಿನಾಗ ನಿಂತೀನಿ.
ಇವನೊಬ್ಬ ಇರಲಿ ನನ್ ಹತ್ರ. ದುಡ್ಡು ಬ್ಯಾಡ."

ಸಿಟ್ಟಾಗುತ್ತಾನೆಂದೇ ಕೊಟ್ರೇಶಿಗೆ ಹೇಳಿದೆ.
ಪೆನ್ನು ಕೇಳಿದ. ನಿಯಮದ ಹಾಳೆಯ ಕೆಳಗೆ ಬರೆದ:
ಹದಿನಾಲ್ಕು. ಬದಲಿ ಬಾರದ ದಿನವೂ ಆಟ ನಡೆಯಬೇಕು.
ಅಳತೆಗೆ ಕತ್ತರಿಸಿದ ಹಳೆಯ ಲಗ್ನಪತ್ರಿಕೆ ಸಾಕು.

ಮುಬೀನಾ ಆಗಲೇ ರದ್ದಿಯಿಂದ ಒಂದನ್ನು ಎಳೆದು
ಮೂಲೆ ಉರುಟು ಮಾಡಿ ತಂದಿದ್ದಳು:
ಯಾರದೋ ಮದುವೆಯ ಅರ್ಧ ಮುಹೂರ್ತ,
ವಧುವಿನ ಹೆಸರಿನ ಕೊನೆಯ ಎರಡಕ್ಷರ,
ಬೆನ್ನಿಗೆ ಅರಿಶಿನದ ಕಲೆ.

"ಇದು ಹಿಂದಿನಿಂದಲೇ ಗುರುತು ಸಿಗತೈತಲ್ಲೋ," ಅಂದೆ.
"ಗೇಟಿನ ಹೊರಗ ನಿಂತೋನು
ಎಲ್ಲರಿಗೂ ಕಾಣ್ತಾನ್ರಿ," ಅಂದ.
ಕಟ್ಟನ್ನು ನನ್ನ ಕಡೆ ಸರಿಸಿ,
"ಹಂಚ್ರಿ."