ಏಳನೇ ಪ್ರಶ್ನೆ

ಕಾಲೇಜಿನವರು ಕೊಟ್ಟ ಹಾಳೆಯಲ್ಲಿ ಹನ್ನೊಂದು ಪ್ರಶ್ನೆ.
ಮುದಗಲ್ಲಿನ ಕೋಟೆಗೆ ಬೆನ್ನು ಕೊಟ್ಟ ನಮ್ಮ ಓಣಿಯಲ್ಲಿ
ಮೊಬೈಲನ್ನು ಜೋಳದ ಡಬ್ಬಿಯ ಮೇಲಿಟ್ಟೆ.
ಕೆಂಪು ಚುಕ್ಕೆ ಮಿಣುಕತೊಡಗಿತು.
"ಅದು ಯಾಕ ಹಂಗ ನೋಡತೈತಿ ನನ್ನ?" ಅಂದಳು ಹುಲಿಗೆವ್ವ ಆಯಿ.
ನೋಡೂದಿಲ್ಲ ಆಯಿ, ಬರೇ ಕೇಳತೈತಿ.
"ಹಂಗಾರ ತಲಿಮ್ಯಾಲ ಸೆರಗು ಬ್ಯಾಡ ಬಿಡು."

ಒಂದು: ಹುಟ್ಟಿದ ವರ್ಷ.
"ಬೇವಿನ ಗಿಡಕ್ಕ ಸಿಡಿಲು ಬಡೀತಲ್ಲ, ಅದರ ಹಿಂದಿನ ವರ್ಷ."
ಎದುರಿನ ಹೊರಸಿನಿಂದ ಅವಳಣ್ಣ ಗದ್ದೆಪ್ಪ ಮುತ್ಯಾ
"ಬೇವಿಗಲ್ಲ, ಹುಣಸಿಗೆ" ಅಂದ.
ಹನ್ನೆರಡು ನಿಮಿಷ ಇಬ್ಬರೂ ಒಂದು ಗಿಡಕ್ಕಾಗಿ ಜಗಳಾಡಿದರು.
ಅದೂ ದಾಖಲಾಗಿದೆ.

ಬಾವಿ ಇತ್ತಾ? "ಇತ್ತು."
ನೀರು? "ಕುತಿಗಿಮಟ ಇತ್ತು."
ಸೇದಬಹುದಿತ್ತಾ?
"ಸೇದಿ ಹೊಯ್ಯೋರು ಬರೋತನಕ ದೂರ ಕುಂದರಬೇಕಿತ್ತು.
ಕುಂತು ಕುಂತು ಗಜ್ಜುಗದಾಟ ಕಲ್ತೆ ನೋಡು,
ಈ ಓಣ್ಯಾಗ ಇವತ್ತಿಗೂ ನನ್ನ ಸೋಲಿಸೋರಿಲ್ಲ."

ಹೋಟೆಲಿನ ಮಾತು ಬಂದಾಗ
ಮುತ್ಯಾನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.
ಪ್ರತಿ ಏಪ್ರಿಲ್ ಹದಿನಾಲ್ಕಕ್ಕೆ ಮೈಕಿನ ಮುಂದೆ
ಹೇಳಿ ಹೇಳಿ ನುಣುಪಾದ ಕತೆ:
"ಒಂಬತ್ತು ಮಂದಿ ಹೋದ್ವಿ. ಬಸ್‌ಸ್ಟ್ಯಾಂಡಿನ ಹೋಟೆಲು.
ಹಿಂದಿನ ಗ್ವಾಡಿ ಮಾಡದಾಗ ನಮ್ಮ ಚಿಪ್ಪು ಇರ್ತಿದ್ವು,
ಅವತ್ತು ಮುಟ್ಟಲಿಲ್ಲ.
ಬೆಂಚಿನ ಮ್ಯಾಲ ಕುಂತು, ಗಿಲಾಸಿನ್ಯಾಗ ಕೊಡು ಅಂದ್ವಿ.
ಕೊಟ್ಟ. ಕುಡದ್ವಿ.
ನಾವು ಕುಡದ ಗಿಲಾಸು ಅಂವ ನೆಲಕ್ಕ ಬಡದು ಒಡದ.
ಕೇಸು ಮಾತ್ರ ನಮ್ಮ ಮ್ಯಾಲ.
ಲಿಂಗಸುಗೂರಿನ ಲಾಕಪ್ಪು, ಮೂರು ರಾತ್ರಿ."
ಹೋದ ವರ್ಷ ಎರಡು ರಾತ್ರಿ ಇತ್ತು.
ನಾನು ತಿದ್ದಲಿಲ್ಲ.

ಏಳು: ಆಗ ನಿಮಗೆ ಏನನ್ನಿಸಿತು?
ಇದು ಆಯಿಗೆ ಕೇಳಿದ್ದು.
ಪರದೆಯ ಮೇಲೆ ಕುಣಿಯುತ್ತಿದ್ದ ಗೆರೆ ಮಲಗಿತು.
ಪಕ್ಕದ ಮನೆಯ ಮಿಕ್ಸರ್ ಒಮ್ಮೆ ಎದ್ದು ಕೂತಿತು.
"ಬಿಸಿ ಇತ್ತು."
ಏನು ಆಯಿ?
"ಚಾ. ಏನನಿಸ್ತು ಅಂತ ನೀನ ಕೇಳಿದ್ಯಲ್ಲ."

ಒಂಬತ್ತು ಮಂದಿಯಲ್ಲಿ ಅವಳಿಲ್ಲ.
ಪೊಲೀಸರ ಕಾಗದದಲ್ಲಿಲ್ಲ, ಮೈಕಿನ ಕತೆಯಲ್ಲೂ ಇಲ್ಲ.
ಅಣ್ಣನಿಗೆ ಬುತ್ತಿ ಒಯ್ದ ಹನ್ನೆರಡರ ಹುಡುಗಿ,
ಬಾಗಿಲ ಹೊರಗೆ ನಿಂತವಳನ್ನು
ಅವನೇ ಒಳಗೆ ಕರೆದು ಬೆಂಚಿನ ತುದಿಗೆ ಕೂರಿಸಿದನಂತೆ.

"ಚಿಪ್ಪಿಗೆ ಮ್ಯಾಲಿಂದ ಹೊಯ್ಯೋರು, ಮೊಳದುದ್ದ ಧಾರಿ,
ಬೀಳೋದ್ರಾಗ ಅರ್ಧ ಆರಿರ್ತಿತ್ತು.
ಹೋಟೆಲಿನ ಚಾ ಅಂದ್ರ ಉಗುರು ಬೆಚ್ಚಗ ಅಂತನ ತಿಳಕೊಂಡಿದ್ದೆ.
ಗಿಲಾಸು ಕೈಯಾಗ ಹಿಡದೆ. ಕೊಳ್ಳಿ ಹಿಡದಂಗಾತು.
ಬಿಟ್ಟೆ."

ಬಿಟ್ಟೆ?

"ಉಳದವು ಅಂವ ಒಡದದ್ದು ಖರೇನ.
ಒಂದೊಂದ ಎತ್ತಿ ಎತ್ತಿ ಒಡದ, ಬೈಕೋತ.
ಮೊದಲನೇದು ನಂದು."

ಅವಳ ಮುಂದಿನ ಲೋಟದಲ್ಲಿ
ನಾನು ಬಂದಾಗ ಕೊಟ್ಟ ಚಹಾ, ಕೆನೆಗಟ್ಟಿ ಕೂತಿದೆ.
ಆಯಿ ಆರಿಸಿಯೇ ಕುಡಿಯುವವಳು, ಮನೆಮಂದಿಗೆಲ್ಲ ಗೊತ್ತು.
ಹಲ್ಲಿನ ತೊಂದರೆ ಅಂದುಕೊಂಡಿದ್ದೆ.

ಈ ಪ್ರಶ್ನೆಗೆ ಹಾಳೆಯಲ್ಲಿ ಬಿಟ್ಟದ್ದು ಒಂದೂವರೆ ಗೆರೆ.
ಬಿಸಿ ಇತ್ತು, ಎಂದು ಬರೆದೆ.
ಇನ್ನೂ ಜಾಗ ಉಳಿಯಿತು.

ಮುತ್ಯಾನ ಕಡೆ ನೋಡಲು ಧೈರ್ಯ ಸಾಲದೆ
ಡಬ್ಬಿಯ ಮೇಲಿನ ಕೆಂಪು ಚುಕ್ಕೆ ನೋಡುತ್ತ ಕೂತೆ.
ಐವತ್ತು ವರ್ಷ ಮೈಕಿನಲ್ಲಿ ಒಡೆದ ಗಾಜು
ಅವನ ಹೊರಸಿನ ಕೆಳಗೆಲ್ಲ ಚೆಲ್ಲಿದಂತಿತ್ತು.
ಅವನು ಹೆಗಲ ಟವೆಲ್ಲು ತೆಗೆದು ಕೊಡವಿದ, ಮತ್ತೆ ಹಾಕಿಕೊಂಡ.
ಆಮೇಲೆ, ಬಲು ಮೆಲ್ಲಗೆ:
"ಹುಣಸಿ ಅಲ್ಲ ಹುಲಿಗಿ. ಬೇವಿನ ಗಿಡಾನ ಇರಬೇಕು."

"ನಾ ಹೇಳಲಿಲ್ಲಾ?" ಅಂದಳು ಆಯಿ,
ಸೆರಗು ಸೊಂಟಕ್ಕೆ ಸಿಕ್ಕಿಸುತ್ತ.
"ಎಂಟನೇದು ಲಗೂನ ಕೇಳವ್ವಾ,
ನಳ ಬರೋ ಹೊತ್ತಾತು,
ಕೊಡ ಒಂದೂ ತುಂಬಿಲ್ಲ."